ಶ್ರೀ ಕೆಳದಿ ಬಸವಪ್ಪನಾಯಕನೂ ಪ್ರಶ್ನವಿದ್ಯೆಯೂ

ಸಾಗರದ ಬಳಿಯ ಕೆಳದಿಯಲ್ಲಿ ಉದಯಿಸಿ, ಇಕ್ಕೇರಿಯಲ್ಲಿ ಬೆಳೆದು, ಹೊಸನಗರ ಸೀಮೆಯ ಬಿದನೂರಿನಲ್ಲಿ ನೆಲೆಗೊಂಡು, ತೀರ್ಥಹಳ್ಳಿಯ ಕಡೆಯ ಕವಲೇದುರ್ಗವನ್ನು ಗಿರಿದುರ್ಗವಾಗಿ ಪಡೆದಿದ್ದ ವೀರಶೈವ ಸಂಸ್ಥಾನವನ್ನು ಹಿರಿಯ ಬಸವಪ್ಪನಾಯಕನು 1697 ರಿಂದ 1714 ರವರೆಗೆ ಪಾಲಿಸಿದನು. ಈತನು ಚೆನ್ನಮ್ಮಾಜಿಯ ದತ್ತಕಪುತ್ರನು. ಔರಂಗಜೇಬನ ಸೇನೆಗೆ ಅಂಜದೆ ಶಿವಾಜಿಯ ಕುಮಾರನಾದ ರಾಜಾರಾಮನಿಗೆ ಆಶ್ರಯವಿತ್ತ ಆ ಮಹಾತಾಯಿಯ ಕೀರ್ತಿಯು ಲೋಕವಿದಿತವೇ ಸರಿ.

ಬಸವಪ್ಪನು 1709 ರಲ್ಲಿ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದನು. ಅದರಲ್ಲಿ 9 ಕಲ್ಲೋಲಗಳು, 108 ತರಂಗಗಳು. ಮಗನಾದ ಸೋಮಶೇಖರನು ಕೇಳುವನು, ತಂದೆಯು ಹೇಳುವನು. ಇದೇ ಗ್ರಂಥದ ಕಟ್ಟು. ಜಗತ್ಸೃಷ್ಟಿ, ಭೂಗೋಳ, ಜ್ಯೋತಿಷ, ವೈದ್ಯ, ಸಂಗೀತ, ಗಜಾಶ್ವಲಕ್ಷಣ, ಕಡೆಗೆ ಪಾಕಶಾಸ್ತ್ರದವರೆಗೂ ವಿಷಯವು ಹರಿಯುತ್ತದೆ. ಪಂಡಿತರು ಉತ್ತರಗಳ ವಿಸ್ತಾರವನ್ನು ಕೊಂಡಾಡಿದಷ್ಟು ಪ್ರಶ್ನೆಗಳನ್ನು ಗಮನಿಸಿದಂತಿಲ್ಲ. ಆದರೆ ಕೇಳುವವನ ಮಾತನ್ನು ಹೆಣೆದವನೂ ಬಸವಪ್ಪನೇ ಅಲ್ಲವೆ? ನಾಳೆ ರಾಜ್ಯವಾಳಬೇಕಾದವನು ಯಾವುದನ್ನು ಕೇಳಿ ತಿಳಿಯಬೇಕೆಂಬುದನ್ನು ತಂದೆಯೇ ಮೊದಲು ಆಲೋಚಿಸಿದನು. ಅಜ್ಞಾನವನ್ನು ಮುಚ್ಚಿಕೊಳ್ಳದೆ ವಿನಯದಿಂದ ಕೇಳುವುದು ರಾಜಕುಮಾರನಿಗೆ ಕುಂದಲ್ಲವೆಂಬುದು ಅಲ್ಲಿಯ ಇಂಗಿತ.

ಇವೆಲ್ಲಕ್ಕಿಂತ ಮುಖ್ಯವಾದುದು ಕೆಳದಿಯ ಅರಸರ ಚರಿತ್ರೆಯ ಭಾಗ. ದತ್ತಕನಾಗಿ ಬಂದವನಿಗೆ ತನ್ನ ಮನೆತನದ ಮೂಲವು ಸುಲಭದ ಮಾತಲ್ಲ. ಬಸವಪ್ಪನು ಅದನ್ನು ಮರೆಮಾಡದೆ, ಚೌಡಪ್ಪನಾಯಕನಿಂದ ತೊಡಗಿದ ಪೂರ್ವಿಕರ ವೃತ್ತಾಂತವನ್ನು ಮಗನ ಮುಂದೆ ಸಾವಧಾನವಾಗಿ ಬಿಚ್ಚಿಟ್ಟನು. ರಕ್ತದಿಂದ ಬಾರದ ವಂಶವು ಹೀಗೆ ಕೇಳಿಕೆಯಿಂದ ಮಗನದಾಯಿತು.

1714 ರಲ್ಲಿ ಬಸವಪ್ಪನ ಆಳಿಕೆಯು ಮುಗಿಯಲು, ಗ್ರಂಥದಲ್ಲಿ ಕೇಳುತ್ತ ಕುಳಿತಿರುವ ಆ ಸೋಮಶೇಖರನೇ ಬಿದನೂರಿನ ಸಿಂಹಾಸನವನ್ನೇರಿ 1739 ರವರೆಗೆ ರಾಜ್ಯವಾಳಿದನು.