ಸೊಳ್ಳೆಯ ಹೊಟ್ಟೆಯಲ್ಲಿ ಸಿಕ್ಕ ಉತ್ತರ: ಸರ್ ರೊನಾಲ್ಡ್ ರಾಸ್

ಪವಿತ್ರ ಖುರ್‌ಆನಿನ ಅಲ್-ಬಕರಾ ಅಧ್ಯಾಯದಲ್ಲಿ ಸೊಳ್ಳೆಯ ಉಪಮೆ ಬರುತ್ತದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತು. ಅಷ್ಟು ಸಣ್ಣ ಜೀವಿಯೂ ಯೋಚನೆಗೆ ಹಚ್ಚುವಂಥದ್ದೇ. ಆ ಸಣ್ಣ ಜೀವಿಯ ಹೊಟ್ಟೆಯನ್ನು ವರ್ಷಗಟ್ಟಲೆ ಬಿಡಿಸಿ ನೋಡಿದ ಒಬ್ಬ ವೈದ್ಯರ ಕಥೆ ಇದು. ಪ್ರತಿ ವರ್ಷ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸುವುದು ಅವರ ಕೆಲಸದ ನೆನಪಿಗಾಗಿ. ಆ ಕೆಲಸ ನಡೆದದ್ದು ಲಂಡನ್ನಿನಲ್ಲಿ ಅಲ್ಲ, ಸಿಕಂದರಾಬಾದಿನಲ್ಲಿ. ಆಗ ನಮ್ಮ ಜವಳಗೇರಾ, ಸಿಂಧನೂರು, ರಾಯಚೂರು ಎಲ್ಲವೂ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೇ ಸೇರಿದ್ದವು. ಅಂದರೆ ಜಗತ್ತಿನ ದೊಡ್ಡ ಸಂಶೋಧನೆಗಳಲ್ಲಿ ಒಂದು ನಮ್ಮ ಹಿರಿಯರು ಬದುಕಿದ ಸಂಸ್ಥಾನದೊಳಗೇ ನಡೆಯಿತು.

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದು ಆಗಷ್ಟೇ ಮೂರು ದಿನಗಳಾಗಿದ್ದವು. ತಂದೆ ಬ್ರಿಟಿಷ್ ಭಾರತದ ಸೇನೆಯಲ್ಲಿ ದೊಡ್ಡ ಅಧಿಕಾರಿ. ಹತ್ತು ಮಕ್ಕಳಲ್ಲಿ ರಾಸ್ ಅವರೇ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಓದಲು ಇಂಗ್ಲೆಂಡಿಗೆ ಕಳಿಸಿದರು. ಹುಡುಗನಿಗೆ ಕವಿತೆ, ಸಂಗೀತ, ಚಿತ್ರಕಲೆ, ಗಣಿತ ಇಷ್ಟ. ತಂದೆಗೆ ಮಗ ಡಾಕ್ಟರಾಗಬೇಕೆಂಬ ಹಟ. ಕೊನೆಗೆ ತಂದೆಯ ಮಾತೇ ನಡೆಯಿತು. ಮನಸ್ಸಿಲ್ಲದ ಮನಸ್ಸಿನಿಂದ ವೈದ್ಯಕೀಯ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. ನಮ್ಮಲ್ಲೂ ಮನೆಯವರ ಮಾತಿಗೆ ವಿಜ್ಞಾನ ವಿಭಾಗ ಸೇರಿ, ಮನಸ್ಸು ಬೇರೆಲ್ಲೋ ಇಟ್ಟುಕೊಂಡವರು ಇರಬಹುದು. ರಾಸ್ ಮೊದಲ ಕೆಲವು ವರ್ಷ ಹಾಗೆಯೇ ಇದ್ದರು. ಸಮಯವೆಲ್ಲ ಕವಿತೆ ಮತ್ತು ಗಣಿತಕ್ಕೆ ಹೋಗುತ್ತಿತ್ತು.

1883ರಲ್ಲಿ ಅವರು ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ವಾಸದ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತ. ಕಾರಣ ಹುಡುಕಿದಾಗ ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ಬ್ಯಾರಲ್ ಕಣ್ಣಿಗೆ ಬಿತ್ತು. ಒಳಗೆ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ನೀರು ಚೆಲ್ಲಿಸಿದರು, ಸೊಳ್ಳೆ ಕಡಿಮೆಯಾದವು. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿದೆ ಎಂಬುದು ಆಗ ಅವರಿಗೆ ತಿಳಿದಿರಲಿಲ್ಲ. ಆದರೆ ಸೊಳ್ಳೆಯನ್ನು ಅದು ಹುಟ್ಟುವ ನೀರಿನಲ್ಲೇ ತಡೆಯಬಹುದು ಎಂಬ ಪಾಠ ಅಲ್ಲಿಯೇ ಸಿಕ್ಕಿತು.

ಚಳಿಜ್ವರ ಕೆಟ್ಟ ಗಾಳಿಯಿಂದ ಬರುತ್ತದೆಂದು ಜನ ಬಹುಕಾಲ ನಂಬಿದ್ದರು. ಇಟಲಿ ಭಾಷೆಯಲ್ಲಿ ಮಲೇರಿಯಾ ಎಂಬ ಪದದ ಅರ್ಥವೇ ಕೆಟ್ಟ ಗಾಳಿ. 1880ರಲ್ಲಿ ಫ್ರಾನ್ಸಿನ ವೈದ್ಯ ಲವೆರಾನ್ ಅಲ್ಜೀರಿಯಾದಲ್ಲಿ ರೋಗಿಗಳ ರಕ್ತದೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡರು. ಅದು ಒಬ್ಬರ ರಕ್ತದಿಂದ ಇನ್ನೊಬ್ಬರ ರಕ್ತಕ್ಕೆ ಹೋಗುವುದು ಹೇಗೆ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದ ರಾಸ್, ಅಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರನ್ನು ಭೇಟಿಯಾದರು. ಆನೆಕಾಲು ರೋಗದ ಹುಳು ಸೊಳ್ಳೆಯೊಳಗೆ ಬೆಳೆಯುತ್ತದೆಂದು ಮ್ಯಾನ್ಸನ್ ಮೊದಲೇ ತೋರಿಸಿದ್ದರು. ಮಲೇರಿಯಾಕ್ಕೂ ಸೊಳ್ಳೆಯೇ ಕಾರಣವಿರಬಹುದು ಎಂಬುದು ಅವರ ಊಹೆ. ಆದರೆ ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರು ಕುಡಿದವರಿಗೆ ರೋಗ ಬರುತ್ತದೆಂದು ಅವರು ಭಾವಿಸಿದ್ದರು. ಗುರುವಿನ ಊಹೆಯಲ್ಲಿ ಅರ್ಧ ಸರಿ, ಅರ್ಧ ತಪ್ಪು. ಆ ಅರ್ಧವನ್ನು ತಿದ್ದುವ ಕೆಲಸ ಶಿಷ್ಯನ ಪಾಲಿಗೆ ಬಂತು.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದರು. ಸೊಳ್ಳೆಯ ಮರಿಗಳನ್ನು ಹಿಡಿದು ತಂದು ಬಾಟಲಿಯಲ್ಲಿ ಬೆಳೆಸುತ್ತಿದ್ದರು. ಹೀಗೆ ಬೆಳೆದ ಸೊಳ್ಳೆ ಬೇರೆ ಯಾರನ್ನೂ ಕಚ್ಚಿರುವುದಿಲ್ಲ. ಆದ್ದರಿಂದ ಅದರ ಹೊಟ್ಟೆಯಲ್ಲಿ ಏನಾದರೂ ಸಿಕ್ಕರೆ ಅದು ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಬಹುದು. ಬಳಿಕ ಮಲೇರಿಯಾ ರೋಗಿಯನ್ನು ಪರದೆಯೊಳಗೆ ಮಲಗಿಸಿ, ಆ ಸೊಳ್ಳೆಗಳನ್ನು ಒಳಗೆ ಬಿಡುತ್ತಿದ್ದರು. ಕಚ್ಚಿದ ಪ್ರತಿ ಸೊಳ್ಳೆಗೆ ರೋಗಿಗೆ ಒಂದಾಣೆ ಕೊಡುತ್ತಿದ್ದರು. ಆಮೇಲೆ ಸೊಳ್ಳೆಯನ್ನು ಕೊಂದು, ಸೂಜಿಯಿಂದ ಬಿಡಿಸಿ, ಸೂಕ್ಷ್ಮದರ್ಶಕದಡಿ ಅಂಗುಲ ಅಂಗುಲ ಹುಡುಕುವುದು. ಏನೂ ಸಿಗುತ್ತಿರಲಿಲ್ಲ. ಬಳಸುತ್ತಿದ್ದ ಸೊಳ್ಳೆಯ ಜಾತಿಯೇ ಬೇರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಡುವೆ ಕಾಲರಾ ತಡೆಯುವ ಕೆಲಸಕ್ಕೆಂದು ಸರ್ಕಾರ ಅವರನ್ನು ಬೆಂಗಳೂರಿಗೆ ಕಳಿಸಿತು. 1897ರಲ್ಲಿ ಊಟಿಯ ಹತ್ತಿರದ ಸಿಗೂರು ಘಾಟಿಗೆ ಹೋದಾಗ ಅವರಿಗೇ ಮಲೇರಿಯಾ ಬಂತು.

ಅದೇ ವರ್ಷ ಅವರು ಸಿಕಂದರಾಬಾದಿಗೆ ಮರಳಿದರು. ಆಗಸ್ಟ್ ತಿಂಗಳ ಸೆಕೆ. ಬೀಸಣಿಗೆ ಎಳೆಸಿದರೆ ಬಿಡಿಸಿಟ್ಟ ಸೊಳ್ಳೆ ಹಾರಿಹೋಗುತ್ತದೆ, ಎಳೆಸದಿದ್ದರೆ ಬೆವರು ಸುರಿಯುತ್ತದೆ. ಆ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳೇ ತುಕ್ಕು ಹಿಡಿದಿದ್ದವು. ಆ ದಿನಗಳಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿರುವ ಕಂದು ಬಣ್ಣದ ಹೊಸ ಬಗೆಯ ಸೊಳ್ಳೆ ಸಿಕ್ಕಿತು. ಅದನ್ನೇ ನಾವು ಈಗ ಅನಾಫಿಲಿಸ್ ಎನ್ನುತ್ತೇವೆ. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ರೋಗಿಗೆ ಆ ಜಾತಿಯ ಸೊಳ್ಳೆಗಳಿಂದ ಕಚ್ಚಿಸಿದರು. ದಿನ ಕಳೆದಂತೆ ಒಂದೊಂದಾಗಿ ಬಿಡಿಸಿ ನೋಡುತ್ತ ಬಂದರು. ಆಗಸ್ಟ್ 20ರಂದು, ಕೊನೆಗೆ ಉಳಿದ ಒಂದೆರಡರಲ್ಲಿ ಒಂದನ್ನು ನೋಡುವಾಗ, ಹೊಟ್ಟೆಯ ಗೋಡೆಯಲ್ಲಿ ದುಂಡಗಿನ ಕೋಶಗಳು ಕಂಡವು. ಒಳಗೆ ಮಲೇರಿಯಾ ಪರಾವಲಂಬಿಯಲ್ಲಿ ಇರುವಂಥದ್ದೇ ಕಪ್ಪು ಕಣಗಳು. ಮರುದಿನ ಕೊನೆಯ ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಒಂದೇ ದಿನದಲ್ಲಿ ದೊಡ್ಡದಾಗಿವೆ ಎಂದರೆ ಅವು ಸೊಳ್ಳೆಯೊಳಗೆ ಜೀವಂತವಾಗಿ ಬೆಳೆಯುತ್ತಿವೆ ಎಂದೇ ಅರ್ಥ. ಆ ರಾತ್ರಿ ರಾಸ್ ಒಳಗಿನ ಕವಿ ಎಚ್ಚೆತ್ತು ಒಂದು ಕವಿತೆಯನ್ನೂ ಬರೆಸಿಕೊಂಡ.

ಆದರೂ ಅರ್ಧ ದಾರಿ ಬಾಕಿ ಇತ್ತು. ಸೊಳ್ಳೆಯ ಹೊಟ್ಟೆಯಿಂದ ರೋಗ ಮತ್ತೆ ಮನುಷ್ಯನಿಗೆ ಬರುವುದು ಹೇಗೆ? ಅಷ್ಟರಲ್ಲಿ ಸರ್ಕಾರ ಅವರನ್ನು ಮಲೇರಿಯಾ ಕಡಿಮೆ ಇದ್ದ ರಾಜಪುತಾನಾದ ಖೇರ್ವಾರಾಕ್ಕೆ ವರ್ಗ ಮಾಡಿತು. 1898ರಲ್ಲಿ ಕಲ್ಕತ್ತೆಗೆ ಬಂದಾಗ ಮನುಷ್ಯರ ಬದಲು ಹಕ್ಕಿಗಳ ಮಲೇರಿಯಾದ ಮೇಲೆ ಕೆಲಸ ಆರಂಭಿಸಿದರು. ಅಲ್ಲಿ ಮಹಮ್ಮದ್ ಬಕ್ಷ್ ಎಂಬ ಸಹಾಯಕ ಅವರ ಜೊತೆಗಿದ್ದ. ಸೊಳ್ಳೆ ಹುಡುಕಿ ತರುವುದು, ಹಕ್ಕಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಜುಲೈ ತಿಂಗಳಲ್ಲಿ ಉತ್ತರ ಸಿಕ್ಕಿತು. ಹೊಟ್ಟೆಯ ಕೋಶ ಒಡೆದಾಗ ಹೊರಬರುವ ದಾರದಂಥ ಜೀವಿಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಹೋಗಿ ಸೇರುತ್ತವೆ. ಸೊಳ್ಳೆ ಕಚ್ಚಿದಾಗ ಜೊಲ್ಲಿನ ಜೊತೆ ರಕ್ತಕ್ಕೆ ಇಳಿಯುತ್ತವೆ. ಆರೋಗ್ಯವಂತ ಗುಬ್ಬಿಗಳಿಗೆ ಸೊಳ್ಳೆ ಕಚ್ಚಿಸಿ ರೋಗ ಬರಿಸಿ, ಇದನ್ನು ಖಚಿತಪಡಿಸಿದರು. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ನಾವು ಬಿಡಿಸುವ ಪ್ಲಾಸ್ಮೋಡಿಯಂ ಜೀವನಚಕ್ರದಲ್ಲಿ ಸೊಳ್ಳೆಯ ಕಡೆಯ ಬಾಣಗಳು ಹೀಗೆ ಬಂದವು.

ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಎಂದು ತೋರಿಸಿಕೊಟ್ಟರು. ಯಾರು ಮೊದಲು ಎಂಬ ಜಗಳ ಇಬ್ಬರ ನಡುವೆ ಬಹುಕಾಲ ನಡೆಯಿತು. 1902ರ ನೊಬೆಲ್ ಪ್ರಶಸ್ತಿ ರಾಸ್ ಒಬ್ಬರಿಗೇ ಬಂತು. ಬ್ರಿಟನ್ನಿಗೆ ಅದೇ ಮೊದಲ ನೊಬೆಲ್. ರಾಸ್ ಅವರ ಮಾತು ಕಟು, ಸಿಟ್ಟು ಬೇಗ. ಗ್ರಾಸಿಯ ಮೇಲಿನ ಮುನಿಸು ಅವರನ್ನು ಬಿಡಲೇ ಇಲ್ಲ. ದೊಡ್ಡ ಕೆಲಸ ಮಾಡಿದವರಲ್ಲೂ ಇಂಥ ಕೊರತೆ ಇರುತ್ತದೆ.

1899ರಲ್ಲಿ ಸೇವೆ ಬಿಟ್ಟು ಲಿವರ್‌ಪೂಲಿನಲ್ಲಿ ಪಾಠ ಹೇಳಿದರು. ಸಿಯೆರಾ ಲಿಯೋನ್, ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾ, ಮಾರಿಷಸ್ ಸುತ್ತಿ ನಿಂತ ನೀರು ತೆಗೆಸುವ ದಾರಿ ತೋರಿಸಿದರು. ಹಳೆಯ ಗಣಿತದ ಪ್ರೀತಿಯೂ ಕೈಗೂಡಿತು. ಒಂದು ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗೆ ಇಳಿದರೆ ಮಲೇರಿಯಾ ತಾನಾಗಿ ಆರಿಹೋಗುತ್ತದೆ ಎಂದು ಅವರು ಸಮೀಕರಣಗಳಿಂದ ತೋರಿಸಿದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರ ಹೆಸರಿನ ಸಂಸ್ಥೆ ಇಂದಿಗೂ ಇದೆ.

ಸೊಳ್ಳೆಯ ಒಳಗಿನ ಶೋಧ ರಾಸ್ ಅವರಿಗೆ ಮುಗಿಯಲಿಲ್ಲ. 1924ರಲ್ಲಿ ಕ್ಯೂಲೆಕ್ಸ್ ಸೊಳ್ಳೆಯ ಜೀವಕೋಶಗಳಲ್ಲಿ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಇದು ತಾಯಿ ಸೊಳ್ಳೆಯಿಂದ ಮೊಟ್ಟೆಯ ಮೂಲಕ ಮರಿಗೆ ಬರುತ್ತದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯಲ್ಲಿ ಇದು ಸಹಜವಾಗಿ ಇರುವುದಿಲ್ಲ. ಪ್ರಯೋಗಾಲಯದಲ್ಲಿ ಸೇರಿಸಿದರೆ ಅದರೊಳಗೆ ಡೆಂಗಿ ವೈರಸ್ ಸರಿಯಾಗಿ ಬೆಳೆಯದು. ಇಂಡೋನೇಷ್ಯಾದ ಯೋಗ್ಯಕರ್ತ ನಗರದಲ್ಲಿ ಇಂಥ ಸೊಳ್ಳೆಗಳನ್ನು ಬಿಟ್ಟ ಕಡೆ ಡೆಂಗಿ ಶೇ. 77ರಷ್ಟು ಕಡಿಮೆಯಾಯಿತು. ಪುದುಚೇರಿಯ ಸರ್ಕಾರಿ ಸಂಶೋಧನಾ ಕೇಂದ್ರವೂ ಇಂಥ ಸೊಳ್ಳೆಗಳನ್ನು ಬೆಳೆಸಿದೆ.

ಅವು ನಮ್ಮೂರಿಗೆ ಬರುವ ತನಕ ಬೆಂಗಳೂರಿನ ಆ ಬ್ಯಾರಲ್ಲಿನ ಪಾಠವೇ ನಮಗೆ ಗತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಮಗೆ ಭತ್ತ ಕೊಟ್ಟಿದೆ. ಆ ನೀರು ನಿಂತರೆ ಸೊಳ್ಳೆಯನ್ನೂ ಕೊಡುತ್ತದೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಮನೆಗಳಲ್ಲಿ ಡ್ರಮ್, ತೊಟ್ಟಿ ತುಂಬಿಡುವುದು ತಪ್ಪದು. ಆದರೆ ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು. ವಾರಕ್ಕೊಮ್ಮೆ, ಜುಮಾ ದಿನವೋ ಸಂತೆಯ ದಿನವೋ, ಎಲ್ಲ ಖಾಲಿ ಮಾಡಿ ತಿಕ್ಕಿ ತೊಳೆದರೆ ಅದರ ಲೆಕ್ಕ ತಪ್ಪುತ್ತದೆ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ, ಮಸೀದಿಯ ಹೌಜಿಗೆ ಗಪ್ಪಿ ಮೀನು ಬಿಡಬಹುದು. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಬೇಕು.

ಕೊನೆಗೊಂದು ಮಾತು. ನೊಬೆಲ್ ಪದಕದ ಮೇಲೆ ಹುಸೇನ್ ಖಾನ್ ಹೆಸರಿಲ್ಲ, ಮಹಮ್ಮದ್ ಬಕ್ಷ್ ಹೆಸರೂ ಇಲ್ಲ. ರೋಗಿಗೆ ದುಡ್ಡು ಕೊಟ್ಟು ಸೊಳ್ಳೆ ಕಚ್ಚಿಸುವ ಪ್ರಯೋಗಕ್ಕೆ ಇಂದು ಅಷ್ಟು ಸುಲಭವಾಗಿ ಒಪ್ಪಿಗೆಯೂ ಸಿಗದು. ಜ್ವರದಲ್ಲಿ ನಡುಗುತ್ತ ಪರದೆಯೊಳಗೆ ಮಲಗಿದ ಒಬ್ಬ ಬಡ ರೋಗಿಯ ರಕ್ತದಿಂದ ಲಕ್ಷಾಂತರ ಜನರ ಪ್ರಾಣ ಉಳಿಯುವ ದಾರಿ ತೆರೆಯಿತು. ಆಗಸ್ಟ್ 20ರಂದು ರಾಸ್ ಅವರನ್ನು ನೆನೆಯುವಾಗ ಈ ಇಬ್ಬರನ್ನೂ ನೆನೆಯೋಣ.