ಕೂಡಿ ಬಾಳುವ ಕನಸು ಕಂಡ ರಾಬರ್ಟ್ ಓವೆನ್

ಕೂಡಿ ಬಾಳುವುದರ ಹಿರಿಮೆಯನ್ನು ಕೊಂಡಾಡುವುದು ಸುಲಭ. ಬಾಳಿ ತೋರಿಸುವುದು ಕಷ್ಟ. ಒಂದೇ ಒಲೆಯ ಅನ್ನವುಂಡ ಅಣ್ಣತಮ್ಮಂದಿರೇ ಹಿಸೆಯಾಗುವ ಲೋಕವಿದು. ಇಂತಹ ಲೋಕದಲ್ಲಿ ಬೇರೆ ಬೇರೆ ಮತಗಳ, ಬೇರೆ ಬೇರೆ ರಾಜಕೀಯ ನಂಬಿಕೆಗಳ ನೂರಾರು ಜನರನ್ನು ಒಂದೇ ಊರಿನಲ್ಲಿ ಒಂದೇ ಕುಟುಂಬದಂತೆ ಬಾಳಿಸಬೇಕೆಂದು ತನ್ನ ಸಂಪತ್ತಿನ ಬಹುಪಾಲನ್ನು ಪಣಕ್ಕೊಡ್ಡಿದ ಮಹನೀಯನೊಬ್ಬನಿದ್ದನು. ಆತನೇ ರಾಬರ್ಟ್ ಓವೆನ್.

ಓವೆನ್ 1771ನೆಯ ಇಸವಿ ಮೇ 14ರಂದು ವೇಲ್ಸ್ ದೇಶದ ನ್ಯೂಟೌನ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದನು. ತಂದೆ ಕುದುರೆಯ ಜೀನು ತಯಾರಿಸಿ, ಕಬ್ಬಿಣದ ಸಾಮಾನು ಮಾರಿ ಜೀವನ ಸಾಗಿಸುತ್ತಿದ್ದನು. ಹತ್ತು ವರ್ಷ ತುಂಬುವಷ್ಟರಲ್ಲಿ ಹುಡುಗನ ಶಾಲೆ ಮುಗಿಯಿತು. ಸ್ಟ್ಯಾಮ್‌ಫರ್ಡ್ ಪಟ್ಟಣದ ಬಟ್ಟೆಯಂಗಡಿಯೊಂದರಲ್ಲಿ ಕೆಲಸ ಕಲಿಯುತ್ತ, ಬಿಡುವಿನಲ್ಲಿ ಯಜಮಾನನ ಪುಸ್ತಕಗಳನ್ನು ಓದುತ್ತ ಬೆಳೆದನು. ಇಪ್ಪತ್ತೊಂದರ ಸುಮಾರಿಗೆ ಮ್ಯಾಂಚೆಸ್ಟರಿನಲ್ಲಿ 500 ಜನ ದುಡಿಯುವ ಹತ್ತಿ ಗಿರಣಿಯ ವ್ಯವಸ್ಥಾಪಕನಾದನು. ಕಾಲೇಜಿನ ಮೆಟ್ಟಿಲನ್ನೇ ಕಾಣದ ಈ ವ್ಯಕ್ತಿ ವಿದ್ಯೆಗೆ ಕೊಟ್ಟಷ್ಟು ಬೆಲೆಯನ್ನು ವಿದ್ಯಾವಂತರೆನಿಸಿದ ಹಲವರು ಕೊಡಲಿಲ್ಲ.

1799ರಲ್ಲಿ ಆತನು ಪಾಲುದಾರರೊಡನೆ ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಡದಲ್ಲಿದ್ದ ನ್ಯೂ ಲ್ಯಾನಾರ್ಕ್ ಗಿರಣಿಗಳನ್ನು ಕೊಂಡನು. ಹಳೆಯ ಮಾಲೀಕ ಡೇವಿಡ್ ಡೇಲನ ಮಗಳು ಕ್ಯಾರೊಲಿನ್ ಅದೇ ವರ್ಷ ಆತನ ಮಡದಿಯಾದಳು. ಗಿರಣಿಯ ಊರಿನಲ್ಲಿ ಸುಮಾರು 2,000 ಜನರಿದ್ದರು. ಅನಾಥಾಶ್ರಮಗಳಿಂದ ತಂದ ಎಳೆಯ ಮಕ್ಕಳೂ ಅಲ್ಲಿ ದುಡಿಯುತ್ತಿದ್ದರು. ಓವೆನ್ ಹತ್ತು ವರ್ಷದೊಳಗಿನವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದನು. ಕೆಲಸದ ಹೊತ್ತನ್ನು ಇಳಿಸಿದನು. ಒಳ್ಳೆಯ ದಿನಸಿಯನ್ನು ಕಡಿಮೆ ಬೆಲೆಗೆ ಮಾರುವ ಅಂಗಡಿ ತೆರೆದನು. ಅಮೆರಿಕದ ಹತ್ತಿ ಬಾರದೆ ನಾಲ್ಕು ತಿಂಗಳು ಯಂತ್ರಗಳು ನಿಂತಾಗಲೂ ಕೆಲಸಗಾರರಿಗೆ ಕೂಲಿ ಕೊಟ್ಟನು. 1816ರಲ್ಲಿ ಶಿಶುಗಳಿಗೂ ದೊಡ್ಡವರಿಗೂ ಶಾಲೆ ಸ್ಥಾಪಿಸಿದನು. ಮನುಷ್ಯನ ಗುಣವನ್ನು ರೂಪಿಸುವುದು ಆತನ ಸುತ್ತಣ ಪರಿಸರವೇ ಎಂಬುದು ಓವೆನ್ನನ ದೃಢವಾದ ನಂಬಿಕೆಯಾಗಿತ್ತು.

ಈ ನಂಬಿಕೆಯಿಂದಲೇ ಸಾಮುದಾಯಿಕ ಗ್ರಾಮಗಳ ಯೋಜನೆ ಹುಟ್ಟಿತು. ಸಾವಿರದಷ್ಟು ಜನ ಒಂದೆಡೆ ನೆಲಸಿ, ಜೊತೆಯಾಗಿ ದುಡಿದು, ಒಂದೇ ಅಡಿಗೆಮನೆಯಲ್ಲಿ ಉಂಡು, ಮಕ್ಕಳನ್ನು ಒಟ್ಟಾಗಿ ಬೆಳೆಸಬೇಕೆಂಬುದು ಅದರ ಸಾರ. ಆದರೆ 1817ರಲ್ಲಿ ಲಂಡನ್ನಿನ ಬಹಿರಂಗ ಸಭೆಯಲ್ಲಿ ಆತನು ಎಲ್ಲ ಮತಧರ್ಮಗಳನ್ನೂ ಖಂಡಿಸಿದನು. ಅಂದಿನಿಂದ ಆಸರೆಯಾಗಿದ್ದ ಅನೇಕರು ದೂರ ಸರಿದರು.

1825ರಲ್ಲಿ ಓವೆನ್ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ವಬಾಷ್ ನದಿಯ ತೀರದ ಒಂದು ಊರನ್ನೇ ಸುಮಾರು 20,000 ಎಕರೆ ಭೂಮಿಯೊಡನೆ ಕೊಂಡನು. ಅದನ್ನು ಕಟ್ಟಿದವರು ಜಾರ್ಜ್ ರ್‍ಯಾಪ್ ಎಂಬ ಗುರುವಿನ ಶಿಷ್ಯರು. ಅವರದು ಒಂದೇ ಮತ, ಒಬ್ಬನೇ ಗುರು, ಒಂದೇ ಭಾಷೆ; ಆದುದರಿಂದ ಅವರ ಒಗ್ಗಟ್ಟು ಸುಲಭವಾಗಿತ್ತು. ಓವೆನ್ ಅದೇ ಊರಿಗೆ ನ್ಯೂ ಹಾರ್ಮನಿ ಎಂದು ಹೆಸರಿಟ್ಟು ಬಾಗಿಲು ತೆರೆದನು. ವಿಜ್ಞಾನಿಗಳು, ಶಿಕ್ಷಕರು, ರೈತರು, ಆಸ್ತಿಕರು, ನಾಸ್ತಿಕರು, ಕೆಲಸಗಳ್ಳರು ಎಲ್ಲರೂ ಬಂದರು. ಸುಮಾರು 800 ಜನ ನೆರೆದರು.

ಆದರೂ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕರಿಯ ಜನರು ಸದಸ್ಯರಾಗುವಂತಿಲ್ಲವೆಂದು ನಿಯಮದಲ್ಲಿಯೇ ಬರೆಯಲಾಗಿತ್ತು. ಸಮಾನತೆಯ ಹೆಸರಿನಲ್ಲಿ ಎದ್ದ ಊರಿಗೆ ಇದು ಅಳಿಸಲಾಗದ ಕಳಂಕ. ಆತನ ಅಭಿಮಾನಿಗಳೂ ಇದನ್ನು ಮರೆಮಾಚಬಾರದು.

ಒಳಗೆ ಬಂದವರಲ್ಲಿಯೂ ಹೊಂದಾಣಿಕೆ ಬೆಳೆಯಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೊದಲ ವರ್ಷದ ಬಹುಪಾಲು ಓವೆನ್ ಊರಿನಲ್ಲಿಯೇ ಇರಲಿಲ್ಲ. 1826ರ ಆರಂಭದಲ್ಲಿ ಪೂರ್ಣ ಸಮಾನತೆಯ ಸಂವಿಧಾನ ಬಂದಿತು. ಕೆಲವೇ ವಾರಗಳಲ್ಲಿ ಒಡಕೂ ಬಂದಿತು. ಓವೆನ್ನನ ಧರ್ಮವಿರೋಧವನ್ನು ಒಪ್ಪದ ದೈವಭಕ್ತರು ಬೇರೆಯಾಗಿ ನೆಲಸಿದರು. ಇಂಗ್ಲೆಂಡಿನಿಂದ ಬಂದ ರೈತರು ಮತ್ತೊಂದು ಪಂಗಡ ಕಟ್ಟಿದರು. ಇಷ್ಟಾದರೂ ಅದೇ ವರ್ಷದ ಜುಲೈ 4ರ ಭಾಷಣದಲ್ಲಿ ಆತನು ಖಾಸಗಿ ಆಸ್ತಿಯನ್ನೂ ಮತಧರ್ಮವನ್ನೂ ಅಂದಿನ ವಿವಾಹಪದ್ಧತಿಯನ್ನೂ ಮನುಕುಲದ ಕೇಡುಗಳೆಂದು ಜರಿದನು. 1827ರಲ್ಲಿ ಪ್ರಯೋಗ ಮುರಿದುಬಿದ್ದಿತು.

ಇದಕ್ಕೆ ಕಾರಣವೇನು? ನ್ಯೂ ಲ್ಯಾನಾರ್ಕಿನಲ್ಲಿ ಓವೆನ್ ಯಜಮಾನನಾಗಿದ್ದನು. ಆತನ ಮಾತೇ ಕಟ್ಟಳೆಯಾಗಿತ್ತು. ನ್ಯೂ ಹಾರ್ಮನಿಯಲ್ಲಿ ಆತನ ಮುಂದೆ ನಿಂತವರು ಸಮಾನರು. ಸರಿಯಾದ ತಿಳಿವು ದೊರೆತರೆ ಎಲ್ಲರೂ ತನ್ನಂತೆಯೇ ಯೋಚಿಸುವರೆಂದು ಆತನು ಭಾವಿಸಿದನು. ಭಿನ್ನಾಭಿಪ್ರಾಯವನ್ನು ಅಳಿಯಬೇಕಾದ ರೋಗವೆಂದು ಬಗೆದನೇ ಹೊರತು, ಅದರೊಡನೆ ಬಾಳುವ ರೀತಿಯನ್ನು ರೂಪಿಸಲಿಲ್ಲ. ಎಲ್ಲರನ್ನೂ ಒಳಗೆ ಕರೆದರಷ್ಟೇ ಸಾಲದು. ಒಳಬಂದವನು ತನ್ನ ನಂಬಿಕೆಯನ್ನು ಹೊರಗೆ ಬಿಟ್ಟು ಬರಬೇಕಾಗಿಲ್ಲವೆಂಬ ಭರವಸೆಯೂ ಬೇಕು.

ಓವೆನ್ನನು ಇಂಗ್ಲೆಂಡಿಗೆ ಮರಳಿ ಸಹಕಾರ ಚಳುವಳಿಗೂ 1834ರ ಕಾರ್ಮಿಕ ಮಹಾಸಂಘಕ್ಕೂ ಬಲವಾಗಿ ನಿಂತನು. ಆತನ ಕನಸಿಗೆ ಕೊರತೆಯಾಗಿದ್ದುದನ್ನು 1844ರಲ್ಲಿ ರಾಚ್‌ಡೇಲ್ ಊರಿನ ನೇಕಾರರು ಮೊದಲಾದ ಶ್ರಮಜೀವಿಗಳು ತುಂಬಿಕೊಟ್ಟರು. ಅವರಲ್ಲಿ ಓವೆನ್ನನ ಅನುಯಾಯಿಗಳಿದ್ದರು, ಚಾರ್ಟಿಸ್ಟರಿದ್ದರು. ಅವರು ತೆರೆದುದು ಒಂದು ಸಣ್ಣ ಅಂಗಡಿ ಮಾತ್ರ. ಆದರೆ ಪಾಲು ಎಷ್ಟೇ ಇರಲಿ ಒಬ್ಬನಿಗೆ ಒಂದೇ ಮತ. ಸದಸ್ಯನ ಧರ್ಮವನ್ನಾಗಲಿ ಪಕ್ಷವನ್ನಾಗಲಿ ಸಂಘ ಕೇಳಕೂಡದು ಎಂಬ ಪದ್ಧತಿ ಅಲ್ಲಿ ಬೇರೂರಿತು. ಆ ಬೀಜ ಲೋಕವೆಲ್ಲ ಹರಡಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವೂ ಆ ದೊಡ್ಡ ಮರದ ಒಂದು ಕೊಂಬೆಯೇ.

1858ರ ನವೆಂಬರ್ 17ರಂದು ತಾನು ಹುಟ್ಟಿದ ನ್ಯೂಟೌನಿನಲ್ಲಿಯೇ ಓವೆನ್ ಕಣ್ಮುಚ್ಚಿದನು. ಆತನ ಊರು ಉಳಿಯಲಿಲ್ಲವೆಂದು ನಗುವುದು ಸುಲಭ. ನಾನಾ ಊರುಗಳಿಂದ, ನಾನಾ ಜಾತಿಮತಗಳಿಂದ ಬಂದು ಒಂದೇ ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿ ಕುಳಿತು ಉಣ್ಣುವ ನಾವು ಹಾಗೆ ನಗಲಾರೆವು. ನಮ್ಮ ಮನೆತನಗಳಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ನಮ್ಮಂಥವರಿಗೆ, ತೆರೆದ ಬಾಗಿಲಿನ ಬೆಲೆಯೂ ಮುಚ್ಚಿದ ಬಾಗಿಲಿನ ನೋವೂ ತಿಳಿಯದ ಸಂಗತಿಗಳಲ್ಲ. ಪಕ್ಕದ ಎಲೆಯವನು ನಮ್ಮ ಪಕ್ಷದವನಲ್ಲದಿದ್ದರೂ ಅವನ ಎಲೆಗೆ ಅನ್ನ ಬಂದಿತೇ ಎಂದು ನೋಡುವ ಮನಸ್ಸನ್ನು ನಾವು ಬೆಳೆಸಿಕೊಂಡರೆ, ಓವೆನ್ನನ ಬದುಕು ವ್ಯರ್ಥವಾಗಲಿಲ್ಲ.