ಗಣಿತಾಚಾರ್ಯ ಮಹಾವೀರರು ಮತ್ತು ರೂಪಗಳ ಲೆಕ್ಕ

ಕ್ರಿ.ಶ. 814ರಲ್ಲಿ ಪಟ್ಟವೇರಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲವು ಕನ್ನಡ ನಾಡಿನಲ್ಲಿ ಜೈನ ವಿದ್ಯೆಗೆ ಸುಗ್ಗಿಯ ಕಾಲವಾಗಿತ್ತು. ಜಿನಸೇನಾಚಾರ್ಯರು ಅರಸನಿಗೆ ಗುರುಗಳಾಗಿದ್ದರು. ಆ ಕಾಲದಲ್ಲೇ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ತಮ್ಮ ಹುಟ್ಟೂರನ್ನಾಗಲಿ ತಂದೆತಾಯಿಗಳ ಹೆಸರನ್ನಾಗಲಿ ಅವರು ಅದರಲ್ಲಿ ಹೇಳಿಕೊಂಡಿಲ್ಲ. ಭಗವಾನ್ ಮಹಾವೀರರನ್ನು ವಂದಿಸಿ, ನೃಪತುಂಗನನ್ನು ಕೊಂಡಾಡಿ, ಲೆಕ್ಕಕ್ಕೆ ತೊಡಗುತ್ತಾರೆ. ಗ್ರಂಥವೇ ಅವರ ಜೀವನಚರಿತ್ರೆ.

ವರ್ತಕರಿಗೆ ಬೇಕಾದ ಬಡ್ಡಿ, ಬಂಗಾರದ ಬಣ್ಣ, ಪಾಲುಗಾರಿಕೆಯ ಲೆಕ್ಕಗಳೆಲ್ಲ ಅದರಲ್ಲಿವೆ. ಆದರೆ ಆಚಾರ್ಯರ ದೃಷ್ಟಿ ಅಂಗಡಿಯಲ್ಲಿಯೇ ನಿಲ್ಲಲಿಲ್ಲ. ಸಂಗೀತ, ನಾಟಕ, ಪಾಕ, ವೈದ್ಯ, ವಾಸ್ತು ಇವೆಲ್ಲಕ್ಕೂ ಗಣಿತವೇ ಆಧಾರವೆಂದು ಅವರು ಸಾರಿದರು. ಕ್ಷೇತ್ರಗಣಿತದ ಅಧ್ಯಾಯದಲ್ಲಿ ತ್ರಿಕೋನ ಚತುಷ್ಕೋನಗಳ ಜೊತೆಗೆ ಜವೆಗೋಧಿಯ ಕಾಳು, ಮೃದಂಗ, ನಡು ಸಣ್ಣಗಿರುವ ಪಣವ, ವಜ್ರಾಯುಧ, ಶಂಖ, ಚಕ್ರದ ನೇಮಿ ಇವೂ ಬರುತ್ತವೆ. ಇವೆಲ್ಲ ಶಿಲ್ಪಿಯ ಉಳಿಗೆ ಪರಿಚಿತವಾದ ಆಕಾರಗಳು! ಮೃದಂಗದ ಆಕೃತಿಗೆ ತುದಿಯ ಅಗಲವನ್ನೂ ನಡುವಿನ ಅಗಲವನ್ನೂ ಕೂಡಿಸಿ, ಅರ್ಧಮಾಡಿ, ಉದ್ದದಿಂದ ಗುಣಿಸಬೇಕು. ಕೆಲಸಗಾರನು ನೂಲು ಹಿಡಿದು ನಿಂತಲ್ಲೇ ಮಾಡಬಹುದಾದ ಲೆಕ್ಕವಿದು.

ಅವರು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಬಗೆಯ ಅಳತೆ ಕೊಟ್ಟರು. ವ್ಯಾಸದ ಮೂರರಷ್ಟು ಪರಿಧಿ ಎಂಬುದು ವ್ಯಾವಹಾರಿಕ. ಹತ್ತರ ವರ್ಗಮೂಲದಷ್ಟು ಎಂಬುದು ಸೂಕ್ಷ್ಮ. ಹತ್ತು ಮೊಳ ವ್ಯಾಸದ ವೃತ್ತಕ್ಕೆ ಮೊದಲನೆಯದರಿಂದ 30 ಮೊಳ, ಎರಡನೆಯದರಿಂದ 31.6 ಮೊಳ ಬರುತ್ತದೆ. ನಿಜವಾದ ಅಳತೆ 31.4.

ಆರ್ಯಭಟ, ಬ್ರಹ್ಮಗುಪ್ತರು ಮುಟ್ಟದ ಆಯತವೃತ್ತಕ್ಕೂ, ಅಂದರೆ ನೀಳವಾದ ವೃತ್ತಕ್ಕೂ, ಅವರು ಕೈಹಾಕಿದರು. ಅಗಲದ ವರ್ಗದ ಆರರಷ್ಟಕ್ಕೆ ಇಮ್ಮಡಿ ಉದ್ದದ ವರ್ಗವನ್ನು ಕೂಡಿಸಿ ಮೂಲ ತೆಗೆದರೆ ಪರಿಧಿ ದೊರೆಯುತ್ತದೆ. ಉದ್ದ 36, ಅಗಲ 12 ಇದ್ದರೆ ಸುಮಾರು 78 ಬರುವುದು. ನಿಜ ಅಳತೆ 80ರಷ್ಟು. ಆದರೆ ಅದೇ ಆಕೃತಿಯ ಕ್ಷೇತ್ರಫಲದ ಸೂತ್ರದಲ್ಲಿ ಆಚಾರ್ಯರು ತಪ್ಪಿದರು. 339 ಬರಬೇಕಾದಲ್ಲಿ ಅದು 233 ಕೊಡುತ್ತದೆ. ಇದನ್ನು ಮುಚ್ಚಿಡುವುದು ಅವರಿಗೆ ಗೌರವವಲ್ಲ.

ಅಂಕಿಗಳಲ್ಲಿಯೂ ಅವರು ಅಂದವನ್ನು ಕಂಡರು. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ! ಮಣಿಗಳನ್ನು ಸರಿಸಮನಾಗಿ ಪೋಣಿಸಿದ ಕಂಠಾಭರಣವೆಂದೇ ಇಂಥ ಸಂಖ್ಯೆಗಳನ್ನು ಅವರು ಕರೆದರು.

ದೇಸೂರಿಗೆ ಸಮೀಪದ ಬೆಳಗಾವಿ ಕೋಟೆಯಲ್ಲಿ, ರಟ್ಟರ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿಯ ಛಾವಣಿಯ ಕಲ್ಲಿನ ತಾವರೆಯನ್ನು ನೋಡದ ಶ್ರಾವಕರು ವಿರಳ. ಅದನ್ನು ಕಡೆದವರು ಈ ಗ್ರಂಥವನ್ನು ಓದಿದ್ದರೆಂದು ಹೇಳಲಾಗದು. ವೃತ್ತವನ್ನು ಸಮನಾಗಿ ಹಂಚದೆ ಅಂತಹ ಎಸಳುಗಳು ಮೂಡವೆಂಬುದಂತೂ ದಿಟ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಶ್ರೀ ಹೊಂಬುಜ ಜೈನ ಮಠವು ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊರತಂದಿತು.